ಚಪ್ಪಟೆ ತಲೆಯ ಜಿಗಿಹುಳುವಿನ ಮುಂದೆ ನಾನು

ಹೆದರಿಕೆಯಲ್ಲೂ ಅಂತಸ್ತು ಅಂತ ಒಂದಿದೆ. ಹುಲಿಗೆ, ಹಾವಿಗೆ ಹೆದರುವವರನ್ನು ಕಂಡರೆ ಜನ ಅಯ್ಯೋ ಅನ್ನುತ್ತಾರೆ. ಉಗುರುದ್ದದ ಹುಳುವಿಗೆ ಹೆದರುವ ನನ್ನಂಥವನನ್ನು ಕಂಡರೆ ನಗುತ್ತಾರೆ. ಮೈಸೂರಿನಿಂದ ಪರದೇಶಕ್ಕೆ ಬಂದಾಗ, ಹುಳುಗಳ ಕಾಟ ಇರುವುದಿಲ್ಲವೆಂದು ಯಿಶುನ್ ಎಂಬ ಬಡಾವಣೆಯಲ್ಲಿ ಹುಡುಕಿ ಹುಡುಕಿ ಮೇಲಿನ ಮಹಡಿಯ ಮನೆ ಹಿಡಿದೆ. ಮೊದಲ ವಾರವೇ ಒಂದು ಜಿರಲೆ ಲಿಫ್ಟಿನಲ್ಲಿ ನನ್ನ ಜೊತೆಗೇ ಮೇಲೆ ಬಂದು, ನನ್ನ ಮಹಡಿಯಲ್ಲೇ ಇಳಿಯಿತು. ನಾನು ಇಳಿಯದೆ ಮತ್ತೆ ಕೆಳಕ್ಕೆ ಹೋದೆ.

ಇಂಥವನ ಹೆಂಡತಿ ಸುಧಾ ಹುಳುಗಳನ್ನು ಗುರುತಿಸುವವರ ಗುಂಪೊಂದನ್ನು ಸೇರಿದ್ದಾಳೆ. ಅವಳಿಗೆ ಬೇಕಾದದ್ದು ಚಪ್ಪಟೆ ತಲೆಯ ಜಿಗಿಹುಳು. ತೊಗಟೆಯದೇ ಬಣ್ಣ, ಮರಕ್ಕೆ ಅಂಟಿಕೊಂಡು ಕೂತಿರುತ್ತದೆ. ತಲೆಯನ್ನು ಯಾರೋ ಲಟ್ಟಣಿಗೆಯಲ್ಲಿ ಒತ್ತಿದ ಹಾಗಿರುತ್ತದೆ. ಆ ತಲೆಯ ಅಂಚು ಸ್ಪಷ್ಟವಾಗಿ ಕಾಣುವ ಫೋಟೊ ಇಲ್ಲದಿದ್ದರೆ ಗುಂಪಿನ ಹಿರಿಯರು ಅದು ಯಾವುದೆಂದು ಹೇಳುವುದಿಲ್ಲ. ಕಳೆದ ಭಾನುವಾರ ಪಾರ್ಕಿನಲ್ಲಿ ಒಂದು ಸಿಕ್ಕಿತ್ತು. ನಾನು ಕಿರುಚಿದೆ, ಅದು ಹಾರಿತು. "ರೀ, ಇನ್ನೊಂದ್ಸಲ ಹೀಗ್ ಮಾಡಿದ್ರೆ ನಾನು ಒಬ್ಳೇ ಬರ್ತೀನಿ," ಎಂದಳು ಸುಧಾ. ಶಿಫ್ಟ್ ಕೆಲಸದವನಾದ ನನಗೆ ಹೆಂಡತಿಯ ಜೊತೆ ಸಿಗುವುದೇ ಆ ಭಾನುವಾರದ ಬೆಳಗ್ಗೆ. ಅದೂ ಕೈತಪ್ಪೀತೆಂಬ ಭಯ ಹುಳುವಿನ ಭಯಕ್ಕಿಂತ ಕೂದಲೆಳೆಯಷ್ಟು ದೊಡ್ಡದಿತ್ತು.

ಹಾಗಾಗಿ ಈ ವಾರವೂ ಹೋದೆ. ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನದ ರೆಕ್ಕೆಯ ಬಿರುಕು ಹುಡುಕುವುದು ನನ್ನ ಕೆಲಸ. ಟಾರ್ಚನ್ನು ಓರೆಯಾಗಿ ಹಿಡಿದರೆ ಎಷ್ಟೇ ಸಣ್ಣ ಉಬ್ಬಿಗೂ ನೆರಳು ಬೀಳುತ್ತದೆ. "ವಿಮಾನಕ್ಕೆ ಮಾಡೋದನ್ನೇ ಮರಕ್ಕೂ ಟ್ರೈ ಮಾಡಿ," ಎಂದಳು. ಮಳೆಮರದ ಕಾಂಡಕ್ಕೆ ಓರೆಯಾಗಿ ಬೆಳಕು ಬಿಟ್ಟೆ. ತೊಗಟೆಯ ಒಂದು ತುಣುಕಿಗೆ ನೆರಳಿತ್ತು, ಕಣ್ಣೂ ಇತ್ತು. "ಇಲ್ಲಿದೆ," ಎಂದು ಪಿಸುಗುಟ್ಟುವಷ್ಟರಲ್ಲಿ ಅದು ಜಿಗಿದು ನನ್ನ ಮೊಣಕೈ ಮೇಲೆ ಕೂತಿತು.

ಈ ಸಲ ಕಿರುಚಲೂ ಆಗಲಿಲ್ಲ. ಓಡಲೂ ಆಗಲಿಲ್ಲ. "ಅಲ್ಲಾಡ್ಬೇಡಿ ರೀ, ಪ್ಲೀಸ್!" ಎಂದಳು ಸುಧಾ. ಅಲ್ಲಾಡುವ ಶಕ್ತಿ ಯಾರಿಗಿತ್ತು? ಉಸಿರು ಬಿಡಲೂ ಹೆದರಿಕೆ. ಅದು ತಲೆ ತಗ್ಗಿಸಿ ಚರ್ಮಕ್ಕೆ ಮೂತಿ ಇಟ್ಟಾಗಲಂತೂ ಮನೆದೇವರಿಗೆ ಹರಕೆ ಹೊತ್ತುಬಿಟ್ಟೆ. ಸುಧಾ ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಕ್ಲಿಕ್ಕಿಸುತ್ತಲೇ ಇದ್ದಳು. ಕೊನೆಗೆ ಬೇಸರವಾಗಿ ಹುಳುವೇ ಹಾರಿಹೋಯಿತು. "ಎಷ್ಟು ಧೈರ್ಯ ರೀ ನಿಮಗೆ!" ಎಂದಳು. ನಾನು ಅಲ್ಲಗಳೆಯಲಿಲ್ಲ, ಅದಕ್ಕೂ ನಾಲಿಗೆ ಹೊರಳಬೇಕಲ್ಲ.

ಮಧ್ಯಾಹ್ನ ಗುಂಪಿನ ಹಿರಿಯರ ಉತ್ತರ ಬಂತು. ಅದು ಚಪ್ಪಟೆ ತಲೆಯ ಜಿಗಿಹುಳುವೇ ಹೌದು, ಇಷ್ಟು ಸ್ಪಷ್ಟವಾದ ಫೋಟೊ ಅಪರೂಪ ಎಂದಿದ್ದರು. ಕೊನೆಯಲ್ಲೊಂದು ಪ್ರಶ್ನೆ: ಹುಳುವೇನೋ ಗೊತ್ತಾಯಿತು, ಈ ಒರಟು ತೊಗಟೆಯ ಮರ ಯಾವುದು? ಸುಧಾ ನನ್ನ ಮೊಣಕೈ ನೋಡಿದಳು, ಮುಖ ನೋಡಿದಳು, ಏನೋ ಟೈಪ್ ಮಾಡಿದಳು.

"ಏನಂತ ಬರೆದೆ?"

"ಮೈಸೂರ್ ಕಡೇದು, ಮುಂದಿನ ಭಾನುವಾರಾನೂ ಕರ್ಕೊಂಡ್ ಬರ್ತೀನಿ ಅಂತ."

ಅಂದಿನಿಂದ ದಿನಾ ಮೊಣಕೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದೇನೆ. ಭಾನುವಾರದೊಳಗೆ ಹೇಗಾದರೂ ಮನುಷ್ಯನ ಹಾಗೆ ಕಾಣಬೇಕು.