ಚಿಕ್ಕಿಯ ಎರಡು ಮುಚ್ಚಳ

ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಗುರುತನ್ನು ತಳದ ಮೇಲೆ ಬರೆಯಬೇಕು, ಮುಚ್ಚಳದ ಮೇಲಲ್ಲ. ಹೊಸಬರಿಗೆಲ್ಲ ಹೀಗೆ ಪಾಠ ಹೇಳುತ್ತಿದ್ದ ಚಿಕ್ಕಿ, ತಾನು ಮಾತ್ರ ಮುಚ್ಚಳದ ಮೇಲೇ ಬರೆಯುತ್ತಿದ್ದಳು. ಅಲ್ಲಿ ಅಕ್ಷರ ದುಂಡಗೆ ಬರುತ್ತದಲ್ಲ! ಈ ಸಲವೂ ಒಂದರ ಮೇಲೆ "ಇದೆ", ಇನ್ನೊಂದರ ಮೇಲೆ "ಇಲ್ಲ" ಎಂದು ಬರೆದಿದ್ದಳು.

ಆ ಬ್ಯಾಕ್ಟೀರಿಯಾದಲ್ಲಿ ಇದ್ದದ್ದು, ಇಲ್ಲದ್ದು ಒಂದು ಚಿಕ್ಕ ಆರ್‌ಎನ್‌ಎ. ಆರು ವರ್ಷದಿಂದ ಅದಕ್ಕೇ ಅಂಟಿಕೊಂಡಿದ್ದರಿಂದ ಅವಳು ಎಲ್ಲರಿಗೂ ಚಿಕ್ಕಿ. ಅದು ತಾನಾಗಿ ಪ್ರೋಟೀನು ಮಾಡುವುದಿಲ್ಲ. ಹಸಿರಾಗಿ ಹೊಳೆಯುವ ಪ್ರೋಟೀನು ಮಾಡಹೊರಟ ಜೀನಿನ ಬಾಯಿ ಮುಚ್ಚಿಸುತ್ತದೆ, ನೆಂಟರ ಮುಂದೆ ನಿಜ ಹೇಳಹೊರಟ ಗಂಡನನ್ನು ಹೆಂಡತಿ ಮೊಣಕೈಯಿಂದ ತಿವಿದ ಹಾಗೆ. ನೀಲಿ ದೀಪದಡಿ "ಇಲ್ಲ" ತಟ್ಟೆ ಹಸಿರಾಗಿ ಹೊಳೆದು, "ಇದೆ" ತಟ್ಟೆ ಕಪ್ಪಗಿದ್ದರೆ ಇವತ್ತು ಅವಳ ಪಿಎಚ್‌ಡಿ ಪ್ರಬಂಧಕ್ಕೆ ಪರೀಕ್ಷಕರ ಸಹಿ. ಸೋಮವಾರದಿಂದ ಕಾಲೇಜಿನಲ್ಲಿ ಕೆಲಸ.

ಬೆಳಿಗ್ಗೆ ಬಂದು ನೋಡಿದರೆ, ಪಕ್ಕದ ಮೇಜಿನ ಅಕ್ಕ ಎರಡೂ ತಟ್ಟೆ ತೆರೆದು ಮೂಸುತ್ತಿದ್ದಾಳೆ!

"ಅಯ್ಯೋ ಅಕ್ಕಾ! ಯಾವ ಮುಚ್ಚಳ ಯಾವುದಕ್ಕೆ?"

"ಗಾಬರಿ ಯಾಕೇ? ಬೂಷ್ಟು ಬಂದಿದ್ಯಾ ಅಂತ ನೋಡ್ದೆ. ಎರಡೂ ಒಂದೇ ಅಳತೆ, ಯಾವುದಕ್ಕೆ ಹಾಕಿದ್ರೂ ಕೂರುತ್ತೆ."

ಚಿಕ್ಕಿ ಎರಡನ್ನೂ ಕಸಿದುಕೊಂಡಳು. ದೀಪದಡಿ ಇಟ್ಟರೆ ಹೊಳೆದದ್ದು "ಇದೆ"! ತಕ್ಷಣ ಮುಚ್ಚಳ ಅದಲುಬದಲು ಮಾಡಿದಳು. ಉತ್ತರ ನೋಡಿ ಪ್ರಶ್ನೆ ಬರೆದ ಹಾಗಾಯಿತಲ್ಲ ಎಂದು ಮನಸ್ಸು ಚುಚ್ಚಿತು. ಅದನ್ನು ಗದರಿಸಿ, ಪರೀಕ್ಷಕರನ್ನು ಕರೆತರಲು ಓಡಿದಳು.

ಅವರೊಡನೆ ಒಳಬಂದಾಗ ಅಕ್ಕ ಪಿಸುಗುಟ್ಟಿದಳು, "ಮುಚ್ಚಳ ತಪ್ಪಾಗಿ ಹಾಕಿದ್ದೆ ಕಣೇ. ಈಗ ಬದಲಾಯಿಸಿಟ್ಟಿದೀನಿ, ನಿಶ್ಚಿಂತೆಯಿಂದಿರು."

ದೀಪ ಹತ್ತಿತು. "ಇದೆ" ಮತ್ತೆ ಹಸಿರು ಹಸಿರಾಗಿ ಹಲ್ಲುಕಿರಿಯಿತು. ಚಿಕ್ಕಿ ತಡೆಯಲಾರದೆ, ಅಕ್ಕ ಮೂಸಿದ್ದು, ತಾನು ಬದಲಾಯಿಸಿದ್ದು ಎಲ್ಲ ಒದರಿಬಿಟ್ಟಳು.

ಪರೀಕ್ಷಕರು ನಕ್ಕುಬಿಟ್ಟರು. "ಒಂದು ದಿನದ ಎಡವಟ್ಟು ತಾನೆ, ಹೋಗ್ಲಿ ಬಿಡಮ್ಮ. ನನಗೆ ಮೆಚ್ಚಿಗೆಯಾಗಿದ್ದು ನಿನ್ನ ಕೊನೇ ಅಧ್ಯಾಯ. ಒಂದು ದಿನ ಬಾಯಿ ಮುಚ್ಚಿಸುತ್ತೆ, ಇನ್ನೊಂದು ದಿನ ಅದೇ ಆರ್‌ಎನ್‌ಎ ಬಾಯಿ ಬಿಡಿಸುತ್ತೆ! ಎಂಥಾ ವಿಚಿತ್ರ! ಅದೊಂದಕ್ಕೇ ಸಹಿ ಹಾಕ್ತೀನಿ."

ಪೆನ್ನು ಕಾಗದಕ್ಕೆ ತಾಗಿತು. ಅಕ್ಕನತ್ತ ತಿರುಗಿ ಅವರು ತಮಾಷೆಗೆ ಕೇಳಿದರು, "ಮೂಸೋ ಅಭ್ಯಾಸ ಇವತ್ತೇ ಶುರುವಾಯ್ತಾ?"

ಅಕ್ಕನಿಗೆ ಅವಮಾನವಾಯಿತು. "ಏನ್ ಸರ್ ಹಾಗಂತೀರಿ? ಆರು ವರ್ಷದಿಂದ ಇವಳು ಬರೋ ಮುಂಚೆ ದಿನಾ ಎಲ್ಲಾ ತಟ್ಟೆ ತೆರೆದು, ಮೂಸಿ, ಮುಚ್ಚೋದು ನಾನೇ. ಇವಳಿಗೆ ಹೇಳಿಲ್ಲ, ಅಷ್ಟೆ. ಮಾಡಿದ ಉಪಕಾರಾನ ಹೇಳ್ಕೋಬಾರದು ನೋಡಿ."