ನನ್ನ ತಾಯಿಯನ್ನು ಮೊಗ್ಗು ವಿಭಾಗದಿಂದ ತೆಗೆದುಹಾಕಿದ ಬಗ್ಗೆ

ನವಿಲುಗರಿ ನೃತ್ಯ ವಿದ್ಯಾಲಯ, ಸಿಂಧನೂರು, ಇದರ ಪೂಜ್ಯ ಪ್ರಾಚಾರ್ಯೆಯವರ ಸನ್ನಿಧಿಗೆ

ಮಾನ್ಯರೇ,

ಮಸ್ಕಿಯ ನಿವಾಸಿಯೂ, ಲಿಂಗಸುಗೂರು–ಸಿಂಧನೂರು ಬಸ್ಸಿನ ಕಂಡಕ್ಟರನೂ, ಮೂರು ವರ್ಷ ಎಂಟು ತಿಂಗಳ ಮೈತ್ರಿ ಎಂಬ ಕೂಸಿನ ತಂದೆಯೂ ಆದ ವೀರೇಶನು ಟಿಕೆಟ್ ಯಂತ್ರವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಜೋಡಿಸಿ ಮಾಡುವ ಅನಂತ ನಮಸ್ಕಾರಗಳು. ತಾವೂ, ತಮ್ಮ ವಿದ್ಯಾಲಯದ ಗೋಡೆಯ ಮೇಲಿರುವ ಹನ್ನೆರಡು ಅಡಿಯ ನವಿಲೂ ಕ್ಷೇಮವಾಗಿದ್ದೀರೆಂದು ನಂಬಿ, ಬಹಳ ಸಂಕೋಚದಿಂದ ಈ ದೂರನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮ ಮೈತ್ರಿ ಮಿಕ್ಸರ್ ತಿರುಗಿದರೂ ಕುಣಿಯುತ್ತಾಳೆ, ಹಿಟ್ಟಿನ ಗಿರಣಿ ಶುರುವಾದರೂ ಕುಣಿಯುತ್ತಾಳೆ, ನನ್ನ ಬಸ್ಸಿನ ಹಿಂದಿನ ಬಾಗಿಲು ಗಡಗಡ ಎಂದರೆ ಸೀಟಿನ ಮೇಲೆ ಹತ್ತಿ ಕುಣಿಯುತ್ತಾಳೆ. ಇದನ್ನು ನೋಡಿದ ನನ್ನ ಹೆಂಡತಿ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅನುಪಮಾ, ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಹಾಕಲೇಬೇಕೆಂದು ಹಟ ಹಿಡಿದಳು. ಲಿಂಗಸುಗೂರಿನ ಶಿಕ್ಷಕಿಯೊಬ್ಬರು ಮಗುವಿನ ಮೊಣಕಾಲು ಮುಟ್ಟಿ ನೋಡಿ, "ಇನ್ನಾ ಎಳಿ ಕೂಸದರೀ, ಐದು ತುಂಬಿದ ಮ್ಯಾಲ ಕರ್ಕೊಂಡು ಬರ್ರಿ" ಎಂದರು. ಇಷ್ಟು ಸರಳವಾಗಿ, ಒಂದು ಅರ್ಜಿಯನ್ನೂ ಕೊಡದೆ ಮಾತಾಡುವವರಿಗೆ ವಿದ್ಯೆ ಇರಲಾರದೆಂದು ನಾವು ತಮ್ಮ ಆರು ಪುಟಗಳ ಅರ್ಜಿಯತ್ತ ಆಕರ್ಷಿತರಾದೆವು.

ಪ್ರವೇಶ ಪರೀಕ್ಷೆಯ ದಿನ ನಾನೂ, ಮಗಳೂ, ಪಾಮನಕಲ್ಲೂರಿನಿಂದ ಬಂದಿದ್ದ ನನ್ನ ತಾಯಿ ಯಂಕಮ್ಮನೂ ಹಾಜರಾದೆವು. ಮೂವರು ಪರೀಕ್ಷಕರ ನಡುವೆ ಕುಳಿತಿದ್ದ ತಾವು, ನೃತ್ಯದಲ್ಲಿ ನಿನ್ನ ಗುರಿಯೇನು ಎಂದು ಮಗುವನ್ನು ಕೇಳಿದಿರಿ. ಮೈತ್ರಿ ತಮ್ಮನ್ನು ದಿಟ್ಟಿಸಿ ನೋಡಿ, "ಒಂದಕ್ಕ ಬಂದಾದ" ಎಂದಳು. ಈ ಉತ್ತರಕ್ಕೂ ಸ್ಪಷ್ಟ ಉಚ್ಚಾರಣೆಯ ಅಂಕ ಕೊಟ್ಟ ತಮ್ಮ ಔದಾರ್ಯವನ್ನು ಮರೆಯಲಾರೆ. ಆಮೇಲೆ ತಾವು ಹಾಡು ಹಚ್ಚಿದಾಗ, ಗಿರಣಿಯ ಸದ್ದಿಗೂ ಕುಣಿಯುವ ಹುಡುಗಿ ಅಜ್ಜಿಯ ಸೀರೆಯ ನೆರಿಗೆಯೊಳಗೆ ಮುಖ ಹುದುಗಿಸಿ ನಿಂತುಬಿಟ್ಟಳು.

ಆಗ ನನ್ನ ತಾಯಿ ಸುಮ್ಮನಿರಬೇಕಿತ್ತು. "ಅಯ್ಯ, ಯಾಕ ಹೆದರತಿ ನನ್ನವ್ವಾ? ದಢೇಸುಗೂರು ಗದ್ದ್ಯಾಗ ನಾಟಿ ಹಚ್ಚಾಕ ಹೋದಾಗ ನಾವು ಹಿಂಗ ಹಿಂದ್ಹಿಂದಕ ಹೆಜ್ಜಿ ಇಡತಿದ್ವಿ ನೋಡು" ಎಂದು ಸೆರಗು ಸಿಕ್ಕಿಸಿ, ನಡು ಬಗ್ಗಿಸಿ, ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಹಿಮ್ಮುಖವಾಗಿ ಹೆಜ್ಜೆ ಹಾಕಿದಳು. ಪರೀಕ್ಷಕರು ಮೂವರೂ ಬರೆದುಕೊಂಡರು.

ಮರುದಿನ ಫಲಿತಾಂಶದ ಫಲಕದಲ್ಲಿ, ಮೂರರಿಂದ ಐದು ವರ್ಷದವರ ಮೊಗ್ಗು ವಿಭಾಗದ ಮೊದಲ ಹೆಸರು ಯಂಕಮ್ಮ ಎಂದಿತ್ತು. ಮೈತ್ರಿಯ ಹೆಸರು ಕಾಯುವವರ ಪಟ್ಟಿಯಲ್ಲಿತ್ತು. ಇದು ಹೇಗಾಯಿತೆಂದು ತಮ್ಮ ಗುಮಾಸ್ತರಾದ ಅಮೀನ್‌ಸಾಬರನ್ನು ವಿಚಾರಿಸಿದಾಗ, "ಜೊತಿಗೆ ಬಂದವರ ವಯಸ್ಸು ಅರವತ್ಮೂರು ಅಂತ ನೀವ ಬರದೀರಿ. ಕಂಪ್ಯೂಟರದಾಗ ವಯಸ್ಸಿಗೆ ಒಂದ ಅಂಕಿ ಹಿಡಿಯೋ ಖಾನೆ ಅದ. ಆರು ಹೊರಗ ಉಳದಾದ, ಮೂರು ಒಳಗ ಹೋಗ್ಯಾದ. ನಾ ಏನ್ ಮಾಡಲ್ರೀ?" ಎಂದರು. ಅರವತ್ತು ವರ್ಷಗಳನ್ನು ಇಷ್ಟು ಸುಲಭವಾಗಿ ಇಳಿಸಬಲ್ಲ ಯಂತ್ರ ಕಲಬುರಗಿಯ ದೊಡ್ಡ ಆಸ್ಪತ್ರೆಗಳಲ್ಲೂ ಇಲ್ಲವೆಂದು ಅನುಪಮಾ ಹೇಳುತ್ತಾಳೆ.

ನಾನು ಹೆಸರು ತೆಗೆಸಲು ಅರ್ಜಿ ಬರೆದೆ. ಅಷ್ಟರಲ್ಲಿ ನನ್ನ ತಾಯಿ ಫಲಕದ ಮುಂದೆ ನಿಂತು, "ಇದರಾಗ ನನ್ನ ಹೆಸರು ಯಾವ್ದಲೇ?" ಎಂದಳು. ತೋರಿಸಿದೆ. ಬೆರಳಿನಿಂದ ಅಕ್ಷರಗಳ ಮೇಲೆ ಒಮ್ಮೆ ಸವರಿ, "ಸಾಲಿ ಮುಖ ನೋಡಿದಾಕಿ ಅಲ್ಲ ನಾ. ಇಷ್ಟು ದೊಡ್ಡದಾಗಿ ಯಾರೂ ನನ್ನ ಹೆಸರು ಬರದಿಲ್ಲ. ನಾ ಹೋಗಾಕಿನ" ಎಂದಳು. ನಾನು ಅರ್ಜಿಯನ್ನು ಹರಿದು ಜೇಬಿಗಿಟ್ಟುಕೊಂಡೆ.

ಹೀಗೆ ಮಸ್ಕಿಯ ದರ್ಜಿ ಮಕ್ತುಂಬೀಯವರು ಮೂರು ಸಲ ಅಳತೆ ತೆಗೆದು, ಮೂರು ಸಲವೂ ನಂಬದೆ, ಸೀರೆಯ ಮೇಲೆ ತೊಡುವಂಥ ಗುಲಾಬಿ ಫ್ರಾಕು ಹೊಲಿದುಕೊಟ್ಟರು. ಪ್ರತಿ ವಿದ್ಯಾರ್ಥಿಯ ಜೊತೆ ಒಬ್ಬ ಪಾಲಕರು ಬೆಂಚಿನ ಮೇಲೆ ಕುಳಿತಿರಬೇಕೆಂಬ ತಮ್ಮ ನಿಯಮದಂತೆ, ನಾನೂ ಅನುಪಮಾಳೂ ಡ್ಯೂಟಿಯಲ್ಲಿರುತ್ತಿದ್ದುದರಿಂದ, ಯಂಕಮ್ಮನ ಪಾಲಕಳಾಗಿ ಮೈತ್ರಿ ಕುಳಿತಳು. "ಯಂಕಮ್ಮ ತರಗತಿಯಲ್ಲಿ ಶೇಂಗಾ ಹಂಚುತ್ತಾಳೆ, ಪಾಲಕರು ಗಮನಿಸತಕ್ಕದ್ದು" ಎಂದು ತಾವು ಡೈರಿಯಲ್ಲಿ ಬರೆದು ಕಳಿಸಿದಾಗ ಅದರ ಕೆಳಗೆ ಬಣ್ಣದ ಕಡ್ಡಿಯಿಂದ ಗೀಚಿದವಳು ಮೈತ್ರಿಯೇ. ಆ ಸಹಿಯನ್ನು ತಾವು ಅಂಗೀಕರಿಸಿದ್ದೀರಿ.

ಇನ್ನು ವಾರ್ಷಿಕೋತ್ಸವದ ವಿಷಯ. ಹನ್ನೊಂದು ಪುಟ್ಟ ಚಿಟ್ಟೆಗಳೂ ಒಂದು ದೊಡ್ಡ ಚಿಟ್ಟೆಯೂ ವೇದಿಕೆಗೆ ಬಂದ ಕ್ಷಣವೇ ಹಾಡು ನಿಂತುಹೋಯಿತು. ಒಂದು ಚಿಟ್ಟೆ ಅತ್ತಿತು, ಅದನ್ನು ನೋಡಿ ಉಳಿದವೂ ಅತ್ತವು, ಒಂದು ಕೆಳಗೆ ಕುಳಿತೇಬಿಟ್ಟಿತು. ತಾವು ಪರದೆಯ ಹಿಂದಿನಿಂದ ಕೈಸನ್ನೆ ಮಾಡುತ್ತಲೇ ಇದ್ದಿರಿ. ನನ್ನ ತಾಯಿ ರೆಕ್ಕೆಗಳನ್ನು ಬಿಚ್ಚಿಟ್ಟು, "ಅಳಬ್ಯಾಡ್ರಿ, ನನ್ನ ಸೆರಗು ಹಿಡ್ಕೊಂಡು ಬರ್ರಿ" ಎಂದು ಚಪ್ಪಾಳೆ ತಟ್ಟುತ್ತ ಹಿಂದಕ್ಕೆ ಹೆಜ್ಜೆ ಹಾಕಿದಳು. ಹನ್ನೊಂದೂ ಸೆರಗು ಹಿಡಿದು ಹಿಂದೆ ಸರಿದವು. ಆಗ ಪಾಲಕರ ಬೆಂಚಿನಿಂದ ಮೈತ್ರಿ ಧುಮುಕಿ, ವೇದಿಕೆ ಹತ್ತಿ, ಅಷ್ಟು ಜನರ ಎದುರಿಗೆ, ಮಿಕ್ಸರ್ ಇಲ್ಲದೆ, ಗಿರಣಿ ಇಲ್ಲದೆ ಕುಣಿದಳು. ಬಾಗಿಲ ಬಳಿ ಖಾಕಿಯಲ್ಲಿ ನಿಂತಿದ್ದ ನಾನು ಅತ್ತೆನೆಂದು ಯಾರಾದರೂ ಹೇಳಿದ್ದರೆ ಅದು ನಿಜ.

ಮರುದಿನವೇ, "ಅನುಮತಿಯಿಲ್ಲದೆ ಹಿಂದಕ್ಕೆ ಹೆಜ್ಜೆ ಇಟ್ಟ ಕಾರಣ" ಯಂಕಮ್ಮನನ್ನು ತೆಗೆದುಹಾಕಲಾಗಿದೆ ಎಂಬ ತಮ್ಮ ಪತ್ರ ಬಂತು. ವಯಸ್ಸಿನ ಕಾರಣ ಕೊಟ್ಟಿದ್ದರೆ ಒಪ್ಪುತ್ತಿದ್ದೆ. ನನ್ನ ತಾಯಿ ಫ್ರಾಕನ್ನು ಗೂಟಕ್ಕೆ ಹಾಕಿ, ಗೋಡೆ ಕಡೆ ಮುಖ ಮಾಡಿ ಎರಡು ದಿನ ಮಲಗಿದಳು. ರೊಟ್ಟಿ ಮುರಿಯಲಿಲ್ಲ. ಮೂರನೆಯ ದಿನ ಭಾನುವಾರ. ಸಿಂಧನೂರಿನಲ್ಲಿ ನನ್ನ ಬಸ್ಸಿಗೆ ಹನ್ನೊಂದು ಮಕ್ಕಳು ತಾಯಂದಿರೊಂದಿಗೆ ಹತ್ತಿ, ಮಸ್ಕಿಯಲ್ಲಿಳಿದು, ನಮ್ಮ ಬಾಗಿಲಲ್ಲಿ ನಿಂತು, ಜೊತೆಗಾತಿಯನ್ನು ಕರೆಯುವ ಹಾಗೆಯೇ, "ಯಂಕಮ್ಮಾ, ಬಾ ಕುಣಿಯಾನು" ಎಂದು ಕೂಗಿದರು. ಅವಳು ಎದ್ದು, ತಲೆ ಬಾಚಿಕೊಂಡು ಹೊರಗೆ ಬಂದಳು. ಅಂದಿನಿಂದ ಪ್ರತಿ ಭಾನುವಾರ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ.

ಈ ನಡುವೆ, ಖಾಲಿಯಾದ ಸ್ಥಾನಕ್ಕೆ ಮೈತ್ರಿಯನ್ನು ಆರಿಸಿದ್ದೀರೆಂಬ ತಮ್ಮ ಕೃಪಾಪತ್ರವೂ ತಲುಪಿತು. "ಸಿಂಧನೂರಿಗೆ ಹೋಗ್ತಿಯೇನು?" ಎಂದು ಅನುಪಮಾ ಕೇಳಿದಳು. "ಒಲ್ಲೆ, ನನಗ ಇಲ್ಲೇ ಕ್ಲಾಸ್ ಅದ" ಎಂದಳು ಮಗಳು. ಯಾವ ಕ್ಲಾಸಿಗೆ ಹಾಕಬೇಕೆಂದು ನಾವು ಗಂಡ ಹೆಂಡತಿ ಆರು ತಿಂಗಳು ಮಾಡಿದ ಚರ್ಚೆ ಅಲ್ಲಿಗೆ ಮುಗಿಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟೇ: ಯಂಕಮ್ಮನಿಗೆ ಮೊಗ್ಗು ವಿಭಾಗದಲ್ಲಿ ತೇರ್ಗಡೆಯಾದ ಪ್ರಮಾಣಪತ್ರವನ್ನು, ಫಲಕದಲ್ಲಿದ್ದಷ್ಟೇ ದೊಡ್ಡ ಅಕ್ಷರಗಳಲ್ಲಿ ದಯಪಾಲಿಸಬೇಕು, ಗೋಡೆಯ ಮೇಲಿನ ನವಿಲನ್ನು ಅಳಿಸಿ ಹಿಂದಕ್ಕೆ ಹೆಜ್ಜೆ ಇಡುತ್ತಿರುವಂತೆ ಬರೆಸಬೇಕು, ಅದೂ ಆಗದಿದ್ದರೆ, ಆ ಯಂತ್ರದಲ್ಲಿ ನನ್ನ ಮೂವತ್ತೆಂಟನ್ನೂ ಒಮ್ಮೆ ಹಾಕಿ ಎಂಟು ಮಾಡಿಕೊಡಬೇಕು, ನಾನೂ ಕುಣಿಯಬೇಕೆಂದಿದ್ದೇನೆ.

ತಮ್ಮ ವಿಶ್ವಾಸಿ,
ವೀರೇಶ, ಯಂಕಮ್ಮನ ಮಗ
ಮಸ್ಕಿ

ತಾ.ಕ.: ಮೊನ್ನೆ ಭಾನುವಾರ ಮುಖಕ್ಕೆ ಓಢಣಿ ಸುತ್ತಿಕೊಂಡು ನನ್ನ ಬಸ್ಸಿನ ಕೊನೆಯ ಸೀಟಿನಲ್ಲಿ ಬಂದು, ನಮ್ಮ ಅಂಗಳದ ಹಿಂದಿನ ಸಾಲಿನಲ್ಲಿ ನಿಂತವರು ತಾವೆಂದು ನಾನು ಯಾರಿಗೂ ಹೇಳಿಲ್ಲ. ನನ್ನ ತಾಯಿ ಮಾತ್ರ ರಾತ್ರಿ ಊಟಕ್ಕೆ ಕುಳಿತಾಗ, "ಹಿಂದ ನಿಂತಾಕಿ ಯಾರೋ ಏನೋ, ತುಟ್ಯಾಗ ಎಣಿಸ್ಕೋತ ಕುಣಿತಾಳ ಪಾಪ. ಮತ್ತ ಬಂದ್ರ ಮುಂದಿನ ಸಾಲಿಗೆ ಕರಿ, ಸಣ್ಣ ಹುಡುಗರ ಸಂಗಾಟ ನಿಂದರಲಿ, ಕಲೀತಾಳ" ಎಂದಳು.