ಮೇಡಂ ಹಿಂದೆ ಮೂರು ಕಿಲೋಮೀಟರ್

ನಿಧಾನವಾಗಿ ಓಡುವುದು ಹೇಗೆಂದು ಅಹಲ್ಯಾಗೆ ಗೊತ್ತಿರಲಿಲ್ಲ. ಭಾನುವಾರ ಬೆಳಗಿನ ಮಬ್ಬಿನಲ್ಲಿ ಕನ್ನಡಿಯೆದುರು ಜಡೆ ಬಿಗಿಯುತ್ತ ಅವಳು ಇದನ್ನು ತನಗೆ ತಾನೇ ಒಪ್ಪಿಕೊಂಡಳು. ಹತ್ತು ಸಾವಿರ ಮೀಟರ್ ಓಡಬಲ್ಲೆ. ಮೊಣಕಾಲು ಊದಿಕೊಂಡಾಗಲೂ ಓಡಬಲ್ಲೆ. ದೆಹಲಿಯ ಲೋಧಿ ಕಾಲೋನಿಯ ನಾಯಿಗಳೆಲ್ಲ ಒಟ್ಟಾಗಿ ಬೆನ್ನಟ್ಟಿದರೂ ಓಡಬಲ್ಲೆ. ಆದರೆ ಸಕ್ಕರೆ ಕಾಯಿಲೆಯಿರುವ, ಐವತ್ತು ದಾಟಿದ ಒಬ್ಬ ಹೆಂಗಸಿನ ಹಿಂದೆ ಉಳಿಯುವುದು ಹೇಗೆ? ಯಾವ ಕೋಚೂ ಅದನ್ನು ಹೇಳಿಕೊಟ್ಟಿರಲಿಲ್ಲ.

ತೊಂದರೆಯೆಲ್ಲ ಶುರುವಾದದ್ದು ಹಿಂದಿನ ಸಂಜೆ ಅವಳ ಬಾಯಿಂದ ಜಾರಿದ ಒಂದು "ಸರಿ ಸರ್"ನಿಂದ.

ಕ್ರೀಡಾ ಕೋಟಾದಲ್ಲಿ ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದವಳು ಅಹಲ್ಯಾ. ಕಳೆದ ವರ್ಷ ರಾಷ್ಟ್ರೀಯ ಕೂಟದಲ್ಲಿ ನಾಲ್ಕನೆಯವಳಾಗಿ ಬಂದಿದ್ದಳು. ನಾಲ್ಕನೆಯವರ ಫೋಟೋ ಯಾರೂ ತೆಗೆಯುವುದಿಲ್ಲ; ಆದರೂ ಈ ಸಲ ಪಟಿಯಾಲದ ರಾಷ್ಟ್ರೀಯ ತರಬೇತಿ ಶಿಬಿರದಿಂದ ಕರೆ ಬಂದಿತ್ತು. ಕಾಮನ್‌ವೆಲ್ತ್ ಗೇಮ್ಸ್ ದೆಹಲಿಗೇ ಬರಲಿದ್ದ ಕಾಲ. ಸೋಮವಾರ ಸಂಜೆಯೊಳಗೆ ಹಾಜರಾಗದಿದ್ದರೆ ಅವಳ ಜಾಗ ಐದನೆಯವಳಿಗೆ ಹೋಗುತ್ತಿತ್ತು. ಹೋಗಲು ರಜೆ ಬೇಕು. ರಜೆಯ ಫೈಲು ಡೈರೆಕ್ಟರ್ ವೆಂಕಟಸುಬ್ಬಯ್ಯನವರ ಮೇಜಿನ ಮೇಲೆ ಬಾಣಂತಿಯ ಹಾಗೆ ಮಲಗಿತ್ತು.

"ಫೈಲು ತಾನಾಗಿ ಏಳಲ್ಲಮ್ಮಾ, ಎಬ್ಬಿಸಬೇಕು," ಎಂದಿದ್ದರು ಸೆಕ್ಷನ್ ಆಫೀಸರ್ ಅನಂತಮೂರ್ತಿ. "ನಾಳೆ ನಮ್ಮ ಇಲಾಖೆ ಸ್ಥಾಪನಾ ದಿನದ ಓಟ, ಮೂರು ಕಿಲೋಮೀಟರ್. ಸಾಹೇಬರ ಮನೆಯವರು ಸುಶೀಲಮ್ಮ ಮೇಡಂ ಓಡ್ತಿದಾರೆ. ಅವರು ಫಸ್ಟ್ ಬಂದರೆ ಸಾಹೇಬರು ಖುಷ್. ಸಾಹೇಬರು ಖುಷ್ ಅಂದ್ರೆ ನಿನ್ನ ರಜೆ ಪಕ್ಕಾ."

"ಸಾಹೇಬರು ಹಾಗಂತ ಹೇಳಿದ್ರಾ ಸರ್?"

"ಅಯ್ಯೋ ಹುಚ್ಚಿ! ಅವರು ಬಾಯಿಬಿಟ್ಟು ಹೇಳಿದ ಮೇಲೆ ಮಾಡೋದಕ್ಕೆ ನಾನ್ಯಾಕೆ ಬೇಕು? ಉಳಿದ ಹೆಂಗಸರಿಗೆಲ್ಲ ಆಗಲೇ ಹೇಳಾಯ್ತು. ನೀನೊಬ್ಬಳು ಸ್ವಲ್ಪ ಕಾಲು ಹಿಡ್ಕೋ, ಅಷ್ಟೇ. ಸರೀನಾ?"

"ಆಗಲ್ಲ" ಎನ್ನಬೇಕೆಂದಿದ್ದ ಅಹಲ್ಯಾಳ ಬಾಯಿಂದ "ಸರಿ ಸರ್" ಎಂದೇ ಜಾರಿತು. ಚಿಕ್ಕಂದಿನಿಂದ ಅವಳ ಪಾಡೇ ಹಾಗೆ. ಚಡ್ಡಿ ಹಾಕ್ಕೊಂಡು ಓಡ್ತಾಳೆ ಎಂದರು, ಬಿಸಿಲಲ್ಲಿ ಕಪ್ಪಾದಳು ಎಂದರು, ಇವಳನ್ನು ಯಾರು ಮದುವೆ ಆಗ್ತಾರೆ ಎಂದರು. ಉತ್ತರ ಅವಳ ಬಾಯಿಗೆ ಬರುತ್ತಿರಲಿಲ್ಲ, ಕಾಲಿಗೆ ಬರುತ್ತಿತ್ತು. ಅಂದವರ ಮನೆಯ ಮುಂದೆಯೇ ಇನ್ನೊಂದು ಸುತ್ತು ಹೆಚ್ಚಾಗಿ ಓಡಿ ಬರುತ್ತಿದ್ದಳು. ಈಗ ಆ ಕಾಲನ್ನೇ ಕಟ್ಟಿಹಾಕಲು ಹೇಳಿದ್ದರು.

ಭಾನುವಾರ ಅವಳು ಮೈದಾನ ತಲುಪುವಷ್ಟರಲ್ಲಿ ಗಂಡಸರ ಓಟ ಮುಗಿದಿತ್ತು. ಗೆದ್ದವರೂ ಸೋತವರೂ ಶಾಮಿಯಾನದಲ್ಲಿ ಕೂತು ತಿಂಡಿಯ ದಾರಿ ಕಾಯುತ್ತಿದ್ದರು. ವೇದಿಕೆಯಿಂದ ವೆಂಕಟಸುಬ್ಬಯ್ಯನವರು ಹಸಿರು ಬಾವುಟ ಬೀಸಿದರು, ತೀರ್ಪುಗಾರ ಶಿಳ್ಳೆ ಊದಿದ.

ಶಿಳ್ಳೆ ಕೇಳಿದ್ದೇ ತಡ, ಅಹಲ್ಯಾಳ ಕಾಲುಗಳು ಒಡತಿಯನ್ನು ಕೇಳದೆ ಹೊರಟೇಬಿಟ್ಟವು. ಮೊದಲ ತಿರುವಿನಲ್ಲಿ ಅವಳಿಗೆ ಎಚ್ಚರವಾಗಿ ತಿರುಗಿ ನೋಡಿದರೆ ಹಿಂದೆ ಮಂಜು ಬಿಟ್ಟು ಬೇರೇನೂ ಇರಲಿಲ್ಲ. ನಿಂತಳು. ಷೂ ಲೇಸು ಬಿಚ್ಚಿ ಕಟ್ಟಿದಳು. ಇನ್ನೊಂದು ಕಾಲಿನದನ್ನೂ ಬಿಚ್ಚಿ ಕಟ್ಟಿದಳು. ಯಾರೂ ಬರಲಿಲ್ಲ. ಮತ್ತೆ ಮೊದಲಿನದಕ್ಕೆ ಕೈ ಹಾಕುವಾಗ ಅನಂತಮೂರ್ತಿಗಳ ಸ್ಕೂಟರ್ ಕೆಮ್ಮುತ್ತ ಬಂದು ನಿಂತಿತು.

"ಏನಮ್ಮಾ ಇದು! ಮೇಡಂ ಇನ್ನೂ ಮದರ್ ಡೈರಿ ಹಾಲಿನ ಬೂತ್ ಹತ್ತಿರ ಇದಾರೆ!"

"ನಿಂತೇ ಇದೀನಲ್ಲ ಸರ್."

"ಮುಂದೆ ಬಂದು ನಿಂತರೆ ಏನು ಬಂತು? ಎಲ್ಲಾದ್ರೂ ಅಡಗಿಕೋ!"

ಅವಳು ಒಂದು ವಸತಿ ಬ್ಲಾಕಿನ ದೊಡ್ಡ ಕಮಾನಿನ ಹಿಂದೆ ಅಡಗಿದಳು. ಅಲ್ಲಿ ಮಂಕಿ ಟೋಪಿ ಹಾಕಿ ನಾಯಿ ಹಿಡಿದು ಬಂದ ಮುದುಕರೊಬ್ಬರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಕಿಸ್‌ಸೆ ಛುಪ್ ರಹೀ ಹೋ, ಬೇಟಿ?" ಎಂದರು. ಯಾರಿಂದ ಅಡಗಿದ್ದೇನೆಂದು ಹೇಳುವುದು? ಸಕ್ಕರೆ ಕಾಯಿಲೆಯ ಹೆಂಗಸಿನಿಂದ ಎಂದೇ? ನಾಯಿ ಅವಳನ್ನು ಗುರುತು ಹಿಡಿದು ಬೊಗಳತೊಡಗಿತು. ಅದು ದಿನಾ ಬೆನ್ನಟ್ಟುವ ನಾಯಿ. ನಿಂತಿರುವ ಅಹಲ್ಯಾಳನ್ನು ಕಂಡು ಅದಕ್ಕೂ ಅವಮಾನವಾದಂತಿತ್ತು.

ಅಲ್ಲಿಂದ ಹೊರಬಿದ್ದು ಅರ್ಧ ದಾರಿಯ ನೀರಿನ ಮೇಜಿಗೆ ಬಂದಳು. ಕ್ಯಾಂಟೀನಿನ ಜಲಜಾಕ್ಷಿ ಅಲ್ಲೇ ಒಲೆ ಹೂಡಿ ಶಾಮಿಯಾನಕ್ಕೆ ಉಪ್ಪಿಟ್ಟು ಮಾಡುತ್ತಿದ್ದಳು. ಓಡುವವರ ಸಂಖ್ಯೆ ದೊಡ್ಡದಾಗಿ ಕಾಣಲೆಂದು ಅನಂತಮೂರ್ತಿ ಅವಳ ಸೆರಗಿಗೂ ಒಂದು ನಂಬರು ಚುಚ್ಚಿದ್ದರು.

"ಎಂತ ಮಾರಾಯ್ತಿ, ನೀನು ಇಲ್ಲಿ ಎಂತ ಮಾಡ್ತೀ?"

"ಮೇಡಂಗೆ ಕಾಯ್ತಿದೀನಿ ಅಕ್ಕಾ."

"ಓಡುವವಳು ಕಾಯುವುದುಂಟಾ? ಬಸ್ಸಾ ನೀನು?"

ಅಹಲ್ಯಾಳ ಕಿವಿ ಬಿಸಿಯಾಯಿತು. ಉತ್ತರ ಎಂದಿನಂತೆ ಕಾಲಿಗೇ ಬಂತು. ಆದರೆ ಇವತ್ತು ಕಾಲು ಹೋಗಬೇಕಾದದ್ದು ಹಿಂದಕ್ಕೆ. ಕಾಯುವುದಕ್ಕಿಂತ ಹೋಗಿ ಕರೆತರುವುದೇ ವಾಸಿಯೆಂದು ಅವಳು ಬಂದ ದಾರಿಯಲ್ಲೇ ಓಡಿದಳು.

ಸುಶೀಲಮ್ಮ ತರಕಾರಿ ಗಾಡಿಯ ಮುಂದೆ ನಿಂತಿದ್ದರು. ಕಂಚಿ ಸೀರೆ, ಬಿಳಿ ಕ್ಯಾನ್ವಾಸ್ ಷೂ, ಶಾಲಿನ ಮೇಲೆ ನಂಬರು. "ಭಯ್ಯಾ, ಗೋಭಿ ಕೈಸೆ ದಿಯಾ?" ಎಂದು ಹೂಕೋಸಿನ ಬೆಲೆ ಕೇಳುತ್ತಿದ್ದರು. ಅವರ ಹಿಂದೆ ಇಲಾಖೆಯ ಹೆಂಗಸರೆಲ್ಲ ಭಜನೆ ಮಂಡಳಿಯಂತೆ ಸಾಲಾಗಿ ನಿಂತಿದ್ದರು. ಮೇಡಂ ಹೂಕೋಸು ಮೂಸಿದರೆ ಅವರೂ ಒಂದೊಂದು ಎತ್ತಿ ಮೂಸುತ್ತಿದ್ದರು. ಗಾಡಿಯವನು ತನ್ನ ಜನ್ಮದಲ್ಲಿ ಇಂಥ ವ್ಯಾಪಾರ ಕಂಡಿರಲಿಲ್ಲ.

"ನೀನು ಓಡೋ ಹುಡುಗಿ ಅಲ್ವಾ? ವಾಪಸ್ ಯಾಕೆ ಬಂದೆ?" ಎಂದರು ಸುಶೀಲಮ್ಮ.

"ಸುಮ್ಮನೆ ಮೇಡಂ. ವಾರ್ಮ್ ಅಪ್."

"ಅಚ್ಛಾ. ಹಾಗಾದ್ರೆ ಇದನ್ನ ಹಿಡ್ಕೋ."

ಎರಡು ಹೂಕೋಸುಗಳು ಅವಳ ಎರಡೂ ಕಂಕುಳಿಗೆ ಬಂದವು. ಮೆರವಣಿಗೆ ಹೊರಟಿತು. ಮೇಡಂ ಪರಿಚಯದವರ ಬಾಲ್ಕನಿಯ ಕೆಳಗೆ ನಿಂತು ಸೊಸೆಯ ಬಾಣಂತನ ವಿಚಾರಿಸಿದರು, ಎಲ್ಲರೂ ನಿಂತರು. ಮೇಡಂ ಬೆಂಚಿನ ಮೇಲೆ ಕೂತು ಮಾತ್ರೆ ನುಂಗಿದರು, ಎಲ್ಲರೂ ಕೂತರು. ಅಹಲ್ಯಾ ಹೆಜ್ಜೆ ಮೇಲೆ ಹೆಜ್ಜೆಯಿಟ್ಟು ನಡೆದಳು. ಇಷ್ಟು ವರ್ಷ ಓಡಿದರೂ ಅವಳ ತೊಡೆ ಹೀಗೆ ಎಂದೂ ನೊಂದಿರಲಿಲ್ಲ.

ಕೊನೆಗೆ ಮೈದಾನ ಬಂತು. ಇಬ್ಬರು ಪ್ಯೂನರು ಕೆಂಪು ರಿಬ್ಬನ್ ಎಳೆದು ಹಿಡಿದಿದ್ದರು. ಅನಂತಮೂರ್ತಿ ಚಪ್ಪಾಳೆಗೆ ಕೈ ಎತ್ತಿದರು. ಮೇಡಂಗೆ ಇನ್ನು ನಾಲ್ಕೇ ಹೆಜ್ಜೆ.

ಸುಶೀಲಮ್ಮ ರಿಬ್ಬನ್ನಿನ ಮುಂದೆ ಗಕ್ಕನೆ ನಿಂತರು.

ಸಾಹೇಬರ ಹೆಂಡತಿಯಾಗಿ ಅವರು ಜೀವಮಾನವಿಡೀ ನೋಡಿದ್ದು ಕತ್ತರಿಸುವ ರಿಬ್ಬನ್ನುಗಳನ್ನೇ. "ಕತ್ತರಿ ಎಲ್ಲಿ? ತಟ್ಟೆ ಎಲ್ಲಿ?" ಎಂದು ಅತ್ತಿತ್ತ ನೋಡಿದರು. "ಅವರು ಬರಲಿ, ಅವರೇ ಕಟ್ ಮಾಡಲಿ."

"ಹಾಗೇ ನುಗ್ಗಿ ಮೇಡಂ!" ಎಂದು ಅನಂತಮೂರ್ತಿ ಕೂಗಿದರು.

"ಛೆ ಛೆ, ಹಾಗೆಲ್ಲ ನುಗ್ಗಬಾರದು."

ಹಿಂದಿದ್ದ ಹೆಂಗಸರೂ ನಿಂತರು. ಕತ್ತರಿ ಹುಡುಕಲು ಒಬ್ಬ ಪ್ಯೂನ್ ಹೊರಡುವುದರಲ್ಲಿದ್ದ. ಅಷ್ಟರಲ್ಲಿ ಹಿಂದಿನಿಂದ "ದಾರಿ ಬಿಡಿ ಮಾರಾಯ್ರೆ, ಬಿಸಿ ಉಂಟು, ಬಿಸಿ ಉಂಟು!" ಎಂಬ ಕೂಗು ಕೇಳಿತು. ಉಪ್ಪಿಟ್ಟಿನ ಪಾತ್ರೆ ಹೊತ್ತ ಜಲಜಾಕ್ಷಿ ಸಾಲನ್ನು ಸೀಳಿಕೊಂಡು ಬಂದಳು. ರಿಬ್ಬನ್ ಪಾತ್ರೆಗೆ ಸುತ್ತಿಕೊಂಡಿತು. ಅವಳು ನಿಲ್ಲಲಿಲ್ಲ, ನೇರ ಶಾಮಿಯಾನಕ್ಕೇ ಹೋದಳು. ತೀರ್ಪುಗಾರ ಅವಳ ಸೆರಗಿನ ನಂಬರು ನೋಡಿ ಶಿಳ್ಳೆ ಊದಿದ. ಹಸಿದ ಗಂಡಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ವೆಂಕಟಸುಬ್ಬಯ್ಯನವರು ಅಹಲ್ಯಾಳನ್ನು ವೇದಿಕೆಗೆ ಕರೆದರು. ಅವಳು ಹೂಕೋಸಿನ ಸಮೇತ ಹತ್ತಿದಳು. ಮೇಜಿನ ಮೇಲೆ ಅವಳ ಫೈಲಿತ್ತು. ಪೆನ್ನಿನ ಮುಚ್ಚಳ ತೆಗೆದೇ ಇತ್ತು.

ಸಾಹೇಬರು ಮೈಕು ಪಕ್ಕಕ್ಕೆ ಸರಿಸಿ ಬೇಸರದಿಂದ ಹೇಳಿದರು: "ಇದನ್ನ ಇವತ್ತಿಗೆ ಅಂತಲೇ ಇಟ್ಕೊಂಡಿದ್ದೆ ಕಣಮ್ಮಾ. ನೀನು ಎಲ್ಲರೆದುರು ಗೆಲ್ತೀಯ, ಇಲ್ಲೇ ಸಹಿ ಹಾಕ್ತೀನಿ, ತನ್ನ ಊರಿನ ಹುಡುಗಿ ಅಂತ ಸಾಹೇಬ ರಜೆ ಕೊಟ್ಟ ಅಂತ ಯಾರೂ ಬಾಯಿ ತೆಗೆಯೋ ಹಾಗಿಲ್ಲ ಅಂದ್ಕೊಂಡಿದ್ದೆ. ಉಪ್ಪಿಟ್ಟಿನ ಪಾತ್ರೆ ಹೊತ್ತವರ ಹಿಂದೆ ಉಳಿದೋಳನ್ನ ಇಲಾಖೆ ಹೆಸರಲ್ಲಿ ಯಾವ ಮುಖ ಇಟ್ಕೊಂಡು ಕಳಿಸಲಿ? ನನ್ನ ಮನೆಯವಳು ವಾಕಿಂಗಿಗೆ ಅಂತ ಬಂದೋಳು, ಅವಳೇ ನಿನಗಿಂತ ಮುಂದಿದ್ದಳು!"

ಅಹಲ್ಯಾ ಅನಂತಮೂರ್ತಿಗಳ ಕಡೆ ನೋಡಿದಳು. ಅವರು ಬೇವಿನ ಮರದ ಮೇಲಿನ ಗಿಳಿಯನ್ನು ತುಂಬ ಆಸಕ್ತಿಯಿಂದ ನೋಡುತ್ತಿದ್ದರು. ಪೆನ್ನಿನ ಮುಚ್ಚಳ ಟಪ್ಪೆಂದು ಮುಚ್ಚಿಕೊಂಡಿತು.

"ಹೋಗಲಿ ಬಾಮ್ಮಾ," ಎಂದು ಕೆಳಗಿನಿಂದ ಪಿಸುಗುಟ್ಟಿದರು ಅನಂತಮೂರ್ತಿ. "ಸುಮ್ಮನೆ 'ಸರಿ ಸರ್' ಅಂದು ಇಳಿದುಬಿಡು. ಮುಂದಿನ ವರ್ಷ ನೋಡೋಣ."

ಅವಳ ಕಾಲು ಎಂದಿನಂತೆ ಹೊರಡಲು ಎದ್ದಿತು. ಅವಳು ಅದನ್ನು ನೆಲಕ್ಕೂರಿದಳು. ಎರಡೂ ಹೂಕೋಸುಗಳನ್ನು ಫೈಲಿನ ಮೇಲಿಟ್ಟು ಮೈಕನ್ನು ತನ್ನ ಕಡೆ ಎಳೆದುಕೊಂಡಳು. ಮೈದಾನದಲ್ಲಿದ್ದ ಅರ್ಧ ಜನಕ್ಕೆ ಕನ್ನಡ ಬರುತ್ತಿರಲಿಲ್ಲ; ಅವರಿಗೂ ಅರ್ಥವಾಗುವಷ್ಟು ಜೋರಾಗಿ ಹೇಳಿದಳು:

"ನಾನು ಸೋತಿಲ್ಲ ಸರ್. ಇವತ್ತು ನಾನು ಓಡೇ ಇಲ್ಲ!"